ನಿಧಾನದ ಹಿಂದಿನ ಲೆಕ್ಕ

ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಕೆಲವು ವಾರಗಳ ಹಿಂದೆ ಆಡಿದ ಮಾತು ಇದು. "ಪ್ರಸಾರದ ಹೊತ್ತಿಗೆ ಮೆಟ್ರೋದಲ್ಲಿ ನಿಂತಿದ್ದೆವು, ಅರ್ಧ ಕೇಳಿದೆವು, ಬರಹದಲ್ಲಿ ಕೊಡಿ" ಎಂದು ಹಲವರು ಕೇಳಿದ್ದರಿಂದ ಇಲ್ಲಿ ಅಚ್ಚು ಹಾಕುತ್ತಿದ್ದೇವೆ. ಹತ್ತು ನಿಮಿಷಕ್ಕೆ ಹಿಡಿಸದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ. ರೇಡಿಯೋದವರಿಗೆ ಗಡಿಯಾರ ಎಂಥ ಯಜಮಾನ ಎಂಬುದು ನಿಮಗೆ ಗೊತ್ತೇ ಇದೆ. ಇವತ್ತಿನ ಮಾತೂ ಗಡಿಯಾರದ್ದೇ.

ಜನಕಪುರಿಯ ಒಬ್ಬ ತಾಯಿ ನಮಗೆ ಪತ್ರ ಬರೆದಿದ್ದರು. ಅವರ ಮಗ ಒಂಬತ್ತನೇ ಕ್ಲಾಸು, ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾನೆ. ಕೋಚ್ ಸಾಹೇಬರು ಹುಡುಗರಿಗೆ "ಓಡಬೇಡಿ, ಚೆಂಡು ಕೈಯಲ್ಲಿಟ್ಟುಕೊಳ್ಳಿ, ನಾಲ್ಕು ಸಲ ಪಾಸ್ ಮಾಡಿ, ಆಮೇಲೆ ಬುಟ್ಟಿ ನೋಡಿ" ಎನ್ನುತ್ತಾರಂತೆ. ಇದನ್ನು ಕಂಡ ಯಜಮಾನರಿಗೆ ಕೋಪ. "ಇದೇನು ಆಟವೋ ಸರಕಾರಿ ಫೈಲೋ? ಈ ಕೋಚ್ ಹೆದರುಪುಕ್ಕಲ, ಹುಡುಗರನ್ನೂ ಹಾಗೇ ಮಾಡುತ್ತಾನೆ. ಮುಂದಿನ ವರ್ಷ ತಂಡ ಬಿಡಿಸಿಬಿಡೋಣ" ಅಂದಿದ್ದಾರೆ. ಮಗ ಎರಡು ದಿನ ಸರಿಯಾಗಿ ಊಟ ಮಾಡಿಲ್ಲ. ತಾಯಿಯ ಪ್ರಶ್ನೆ ಹೀಗಿತ್ತು: "ಟಿವಿಯಲ್ಲಿ ಅಮೆರಿಕದ ಕಾಲೇಜು ಪಂದ್ಯ ಬಂದಾಗ ಮಗ ನೋಡುತ್ತಾನೆ. ಅಲ್ಲಿಯೂ ಕೆಲವು ಕಾನ್ಫರೆನ್ಸ್‌ಗಳಲ್ಲಿ ಆಟ ಬಹಳ ನಿಧಾನ, ಕೆಲವದರಲ್ಲಿ ಬಿರುಸು. ಯಾಕೆ ಹಾಗೆ? ನಿಧಾನವಾಗಿ ಆಡುವವರು ಸೋಮಾರಿಗಳೋ, ಹೆದರಿದವರೋ?"

ಪ್ರಶ್ನೆ ಚಿಕ್ಕದು. ಆದರೆ ಹುಡುಗನ ಆಟ ಇದರ ಮೇಲೆ ನಿಂತಿದೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಮೊದಲು ಈ ಕಾನ್ಫರೆನ್ಸ್ ಎಂಬ ಪದ. ಸಭೆ ಸಮ್ಮೇಳನದ ಕಾನ್ಫರೆನ್ಸ್ ಇದಲ್ಲ. ಅಮೆರಿಕದಲ್ಲಿ ವಿಶ್ವವಿದ್ಯಾಲಯಗಳು ತಮ್ಮ ತಮ್ಮಲ್ಲಿ ಗುಂಪು ಕಟ್ಟಿಕೊಂಡು, ಚಳಿಗಾಲ ಪೂರ್ತಿ ಗುಂಪಿನೊಳಗೇ ಆಡುತ್ತವೆ. ಆ ಗುಂಪೇ ಕಾನ್ಫರೆನ್ಸ್. ಬಿಗ್ ಟೆನ್ ಎಂಬುದು 1896ರದ್ದು, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ 1953ರದ್ದು, ಎಂಟು ಹಳೆಯ ವಿಶ್ವವಿದ್ಯಾಲಯಗಳ ಐವಿ ಲೀಗ್ ಇನ್ನೊಂದು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಯಾವುದು? ಹಳೆಯ ರಣಜಿ ಟ್ರೋಫಿ. 2002-03ರಲ್ಲಿ ಎಲೀಟ್, ಪ್ಲೇಟ್ ಎಂಬ ವಿಂಗಡಣೆ ಬರುವವರೆಗೆ ರಣಜಿಯ ಮೊದಲ ಹಂತ ವಲಯಗಳಲ್ಲೇ ನಡೆಯುತ್ತಿತ್ತು. ಕರ್ನಾಟಕಕ್ಕೆ ವರ್ಷವೂ ಅದೇ ತಮಿಳುನಾಡು, ಅದೇ ಹೈದರಾಬಾದು, ಅದೇ ಆಂಧ್ರ, ಕೇರಳ. ಇತ್ತ ದೆಹಲಿಗೆ ಅದೇ ಪಂಜಾಬು, ಹರಿಯಾಣ, ಸರ್ವಿಸಸ್. ವಲಯ ದಾಟಿ ನಾಕೌಟ್‌ಗೆ ಬಂದರೆ ಮಾತ್ರ ಕರ್ನಾಟಕಕ್ಕೆ ದೆಹಲಿಯ ಮುಖದರ್ಶನ.

ಹಾಗೆ ಮುಖದರ್ಶನವಾದ ಒಂದು ಪಂದ್ಯ ದೆಹಲಿಯ ಕನ್ನಡಿಗರಿಗೆ ಮರೆಯುವಂಥದಲ್ಲ. 1981-82ರ ಫೈನಲ್, ಫಿರೋಜ್ ಶಾ ಕೋಟ್ಲಾ. (2019ರಿಂದ ಅದು ಅರುಣ್ ಜೇಟ್ಲಿ ಕ್ರೀಡಾಂಗಣ. ನಮ್ಮ ನಾಲಿಗೆಗೆ ಇನ್ನೂ ಕೋಟ್ಲಾ.) ನಾನಾಗ ಹುಟ್ಟಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಅಂದು ಆ ಕಟ್ಟೆಯ ಮೇಲೆ ಕೂತಿದ್ದರೆ ನನಗಿಂತ ಚೆನ್ನಾಗಿ ಹೇಳಬಲ್ಲಿರಿ. ಕರ್ನಾಟಕ ಮೊದಲು ಆಡಿ 705 ರನ್ ಹೊಡೆಯಿತು. ಬ್ರಿಜೇಶ್ ಪಟೇಲ್, ರೋಜರ್ ಬಿನ್ನಿ, ಸೈಯದ್ ಕಿರ್ಮಾನಿ, ಮೂವರದೂ ಶತಕ. 705 ಎಂದರೆ ಯಾರಾದರೂ ಕಪ್ಪನ್ನು ರೈಲಿಗೆ ಹತ್ತಿಸಿಬಿಡುತ್ತಾರೆ. ದೆಹಲಿ ಏನು ಮಾಡಿತು? ಆಡಿತು, ಆಡಿತು, ಆಡುತ್ತಲೇ ಇತ್ತು. ಮೊಹಿಂದರ್ ಅಮರನಾಥ್ 185. ಗುರುಶರಣ್ ಸಿಂಗ್ ಶತಕ. ಆದರೂ 589ಕ್ಕೆ ಎಂಟು ವಿಕೆಟ್ ಹೋದವು, ಇನ್ನೂ 117 ಬೇಕು. ಆಗ ನಿಂತವರು ರಾಕೇಶ್ ಶುಕ್ಲಾ ಮತ್ತು ರಾಜೇಶ್ ಪೀಟರ್. ಮುರಿಯದ 118 ರನ್ನಿನ ಜೊತೆಯಾಟ. ದೆಹಲಿ ಎಂಟು ವಿಕೆಟ್‌ಗೆ 707. ಎರಡು ರನ್ನಿನ ಮುನ್ನಡೆ, ಕಪ್ಪು ಯಮುನೆಯ ದಡದಲ್ಲೇ ಉಳಿಯಿತು.

ಒಟ್ಟು 1412 ರನ್, 18 ವಿಕೆಟ್. ಎರಡನೇ ಇನಿಂಗ್ಸ್ ಎಂಬುದು ನಡೆಯಲೇ ಇಲ್ಲ. ಇಷ್ಟು ದಿನ ಆಡಿ ಪಂದ್ಯದ ಅರ್ಧ ಮಾತ್ರ ಮುಗಿದಿತ್ತು! ಆಟಗಾರರು ಸೋಮಾರಿಗಳಾಗಿದ್ದರೆ? ಕಿರ್ಮಾನಿಯನ್ನು, ಮೊಹಿಂದರರನ್ನು ಸೋಮಾರಿ ಎನ್ನುವವರು ಕ್ರಿಕೆಟ್ ನೋಡಿದವರಲ್ಲ. ಕಾರಣ ನಿಯಮದಲ್ಲಿತ್ತು. ರಣಜಿ ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿದ್ದವರೇ ಗೆದ್ದಂತೆ. ಹೀಗಿರುವಾಗ ಎದುರಾಳಿಯನ್ನು ಎರಡು ಸಲ ಔಟ್ ಮಾಡುವ ಕಷ್ಟ ಯಾರಿಗೆ ಬೇಕು? ಒಂದು ಸಲ ಅವರಿಗಿಂತ ಒಂದು ರನ್ ಹೆಚ್ಚು ಹೊಡೆದರೆ ಸಾಕು. ವಿಕೆಟ್ ಕಾಪಾಡಿಕೊಂಡು, ಹೊತ್ತು ನೂಕಿ, ಕೆಟ್ಟ ಚೆಂಡಿಗಾಗಿ ಕಾಯುವುದೇ ಜಾಣತನ. ನಿಯಮ ಯಾವುದಕ್ಕೆ ಬಹುಮಾನ ಕೊಡುತ್ತದೋ ಆಟಗಾರ ಅದನ್ನೇ ಬೆಳೆಯುತ್ತಾನೆ.

ಇನ್ನು ನೋಡಿ, ಅದೇ 1982ರ ಮಾರ್ಚ್ 7ರಂದು ಅಮೆರಿಕದಲ್ಲಿ ಇನ್ನೊಂದು ಫೈನಲ್ ನಡೆಯಿತು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನದು. ಒಂದು ಕಡೆ ನಾರ್ತ್ ಕೆರೊಲಿನಾ, ಕೋಚ್ ಡೀನ್ ಸ್ಮಿತ್. ತಂಡದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಮೈಕೆಲ್ ಜೋರ್ಡಾನ್. ಇನ್ನೊಂದು ಕಡೆ ವರ್ಜೀನಿಯಾ, ಅವರಲ್ಲಿ ಏಳಡಿ ದಾಟಿದ ರಾಲ್ಫ್ ಸ್ಯಾಂಪ್ಸನ್. ಕೊನೆಯ ಏಳು ನಿಮಿಷ ಚಿಲ್ಲರೆ ಉಳಿದಿದ್ದಾಗ ಕೆರೊಲಿನಾ ಒಂದೇ ಒಂದು ಅಂಕ ಮುಂದಿತ್ತು. ಅಲ್ಲಿಂದ ಮುಂದೆ ಅವರು ಬುಟ್ಟಿಯ ಕಡೆ ನೋಡುವುದನ್ನೇ ಬಿಟ್ಟರು. ಅಂಗಳದ ನಾಲ್ಕು ಮೂಲೆಗೆ ನಾಲ್ವರು, ನಡುವೆ ಒಬ್ಬ. ಚೆಂಡು ಇವನಿಂದ ಅವನಿಗೆ, ಅವನಿಂದ ಇವನಿಗೆ. ಸ್ಯಾಂಪ್ಸನ್ ಬುಟ್ಟಿಯ ಕೆಳಗೆ ನಿಂತಿರುವ ತನಕ ಶಾಟ್ ಹೊಡೆದರೆ ದಂಡ. ಅವನು ಹೊರಬರಲಿ ಎಂದು ಕಾದರು. ವರ್ಜೀನಿಯಾದವರೋ ಹೊರಬರಲೊಲ್ಲರು. ದೇಶವೆಲ್ಲ ಟಿವಿಯಲ್ಲಿ ನೋಡುತ್ತಿದ್ದ ಪಂದ್ಯದಲ್ಲಿ ನಿಮಿಷಗಟ್ಟಲೆ ಏನೂ ಆಗಲಿಲ್ಲ. ಕೊನೆಗೆ 47-45, ಕೆರೊಲಿನಾ ಗೆದ್ದಿತು. ಜೋರ್ಡಾನ್ ಇದ್ದ ತಂಡ ಸೋಮಾರಿಯಾಗಿತ್ತೇ? ಹೆದರಿತ್ತೇ? ಅವರು ಅಂದು ದೇಶದ ಮೊದಲ ಸ್ಥಾನದ ತಂಡ. ಆಗಿನ ಕಾಲೇಜು ನಿಯಮದಲ್ಲಿ ಚೆಂಡನ್ನು ಇಷ್ಟೇ ಹೊತ್ತು ಇಟ್ಟುಕೊಳ್ಳಬೇಕೆಂಬ ಗಡಿಯಾರವೇ ಇರಲಿಲ್ಲ, ಅಷ್ಟೆ.

ಎರಡು ದೇಶ, ಎರಡು ಆಟ, ಒಂದೇ ವರ್ಷ, ಒಂದೇ ಕಾಯಿಲೆ. ಔಷಧ ಮಾತ್ರ ಬೇರೆ ಬೇರೆಯಾಯಿತು. ಅವರು ನಿಯಮಕ್ಕೇ ಕೈ ಹಾಕಿದರು. ಅದೇ ಕಾನ್ಫರೆನ್ಸು ಮರು ಸೀಸನ್‌ನಲ್ಲೇ 30 ಸೆಕೆಂಡಿನ ಗಡಿಯಾರವನ್ನು ಪ್ರಯೋಗ ಮಾಡಿತು. 1985-86ರಿಂದ ಪುರುಷರ ಕಾಲೇಜು ಆಟಕ್ಕೆಲ್ಲ 45 ಸೆಕೆಂಡು ಬಂತು, 1993-94ರಲ್ಲಿ ಅದು 35ಕ್ಕೆ, 2015-16ರಲ್ಲಿ 30ಕ್ಕೆ ಇಳಿಯಿತು. ಹೆಣ್ಣುಮಕ್ಕಳ ಕಾಲೇಜು ಆಟದಲ್ಲಿ 1970ರ ದಶಕದ ಆರಂಭದಿಂದಲೇ 30 ಸೆಕೆಂಡಿನ ನಿಯಮವಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಗಂಡಸರು ತಡವಾಗಿ ಕಲಿತರು.

ವೃತ್ತಿಪರ ಎನ್‌ಬಿಎ ಇದನ್ನು ಇನ್ನೂ ಮೊದಲೇ ಮಾಡಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು. 48 ನಿಮಿಷದ ಆಟಕ್ಕೆ ಎರಡೂ ತಂಡ ಸೇರಿ 37 ಅಂಕ! ಟಿಕೆಟ್ ಕೊಂಡವರು ಮತ್ತೆ ಬಂದಾರೆಯೇ? 1954ರಲ್ಲಿ ಸಿರಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್ ಒಂದು ಸರಳ ಭಾಗಾಕಾರ ಮಾಡಿದರು. ನೋಡಲು ಚಂದವಿದ್ದ ಪಂದ್ಯಗಳಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಹೊಡೆಯುತ್ತಿದ್ದವು. 48 ನಿಮಿಷ ಅಂದರೆ 2880 ಸೆಕೆಂಡು. 120ರಿಂದ ಭಾಗಿಸಿದರೆ 24. ಅದೇ ಇಂದಿಗೂ ಎನ್‌ಬಿಎಯ 24 ಸೆಕೆಂಡು. ಮೊದಲ ಸೀಸನ್‌ನಲ್ಲೇ ಒಂದು ತಂಡದ ಸರಾಸರಿ ಅಂಕ ಪಂದ್ಯಕ್ಕೆ ಸುಮಾರು 79ರಿಂದ 93ಕ್ಕೆ ಏರಿತು. ಅಂತರರಾಷ್ಟ್ರೀಯ ಆಟ 30 ಸೆಕೆಂಡಿನಲ್ಲಿದ್ದು 2000ದಲ್ಲಿ 24ಕ್ಕೆ ಬಂತು.

ನಮ್ಮ ಕಬಡ್ಡಿಯಲ್ಲಿ ಈ ಗಡಿಯಾರ ಹುಟ್ಟಿನಿಂದಲೇ ಇತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ದಾಳಿಗೆ ಹೋದವನು "ಕಬಡ್ಡಿ ಕಬಡ್ಡಿ" ಎನ್ನುತ್ತ ಒಂದೇ ಉಸಿರಿನಲ್ಲಿ ಹೋಗಿ ಬರಬೇಕು. ಉಸಿರೇ ಶಾಟ್ ಕ್ಲಾಕ್. ವಿದ್ಯುತ್ತೂ ಬೇಡ, ಬೋರ್ಡೂ ಬೇಡ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಉಸಿರಿನ ಜೊತೆಗೆ 30 ಸೆಕೆಂಡಿನ ಗಡಿಯಾರ ಕಾಣಿಸಿತು. ಮುನ್ನಡೆಯಲ್ಲಿರುವ ತಂಡ ಸುಮ್ಮನೆ ಗೆರೆ ಮುಟ್ಟಿ ವಾಪಸು ಬರುವ ಉಪಾಯ ಮಾಡುತ್ತದೆಂದು, ಎರಡು ದಾಳಿ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ ಎಂಬ ನಿಯಮ ಮಾಡಿದರು. ಮೂರನೇ ದಾಳಿಯಲ್ಲಿ ಅಂಕ ತಾರದವನು ಔಟ್. ಬೆಂಗಳೂರು ಬುಲ್ಸ್ ಆಟ ನೋಡುವಾಗ ಆ ಮೂರನೇ ದಾಳಿಗೆ ಮನೆಯವರೆಲ್ಲ ಎದ್ದು ನಿಲ್ಲುತ್ತಾರಲ್ಲ, ಅದು ಆಟಗಾರನ ಸ್ವಭಾವದಿಂದ ಬಂದ ವೇಗವಲ್ಲ, ನಿಯಮ ತಂದ ವೇಗ.

ಆದರೆ ಕೇಳುಗರು ಇಲ್ಲಿ ಒಂದು ಪ್ರಶ್ನೆ ಹಾಕಬೇಕು. ಗಡಿಯಾರ ಎಲ್ಲ ಕಾನ್ಫರೆನ್ಸಿಗೂ ಒಂದೇ 30 ಸೆಕೆಂಡು. ಹಾಗಿದ್ದರೆ ಒಂದು ಕಡೆ ನಿಧಾನ, ಒಂದು ಕಡೆ ಬಿರುಸು ಯಾಕೆ?

ಇದಕ್ಕೆ ಆಟದ ವೇಗವನ್ನು ಅಳೆಯುವ ಬಗೆ ತಿಳಿದಿರಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ನಮ್ಮ ಕೈಗೆ ಬಂದು ಎದುರಾಳಿಗೆ ಹೋಗುವ ತನಕ ಒಂದು ಸರದಿ ಎಂದು ಲೆಕ್ಕ. ನಾವೊಂದು ಸರದಿ ಆಡಿದರೆ ಅವರೊಂದು ಆಡುತ್ತಾರೆ. ಪಂದ್ಯದ ಕೊನೆಗೆ ಇಬ್ಬರ ಸರದಿಯೂ ಹೆಚ್ಚುಕಡಿಮೆ ಸಮ. ಕಾಲೇಜಿನ 40 ನಿಮಿಷದ ಆಟದಲ್ಲಿ ಒಂದು ತಂಡಕ್ಕೆ ಸರಾಸರಿ 70ರ ಆಸುಪಾಸು ಸರದಿ ಸಿಗುತ್ತವೆ. ಬಹಳ ನಿಧಾನದ ತಂಡಗಳಲ್ಲಿ ಅದು 60ರ ಹತ್ತಿರ ಇಳಿಯುತ್ತದೆ. ಸರದಿ ಇಬ್ಬರಿಗೂ ಸಮ ಎಂಬುದನ್ನು ಮನಸ್ಸಿನಲ್ಲಿಡಿ. ನಿಧಾನ ಮಾಡಿದರೆ ನನಗೆ ಅವಕಾಶ ಕಡಿಮೆ, ಅವನಿಗೂ ಕಡಿಮೆ. ಹಾಗಾದರೆ ಲಾಭ ಯಾರಿಗೆ?

ದುರ್ಬಲನಿಗೆ. ಒಂದು ಲೆಕ್ಕ ಹೇಳುತ್ತೇನೆ, ಅಡುಗೆಮನೆಯಲ್ಲಿದ್ದರೂ ಕೇಳಿ. ಒಬ್ಬ ಬಲಶಾಲಿ, ಒಬ್ಬ ದುರ್ಬಲ. ಪ್ರತಿ ಸುತ್ತಿನಲ್ಲಿ ಬಲಶಾಲಿ ಗೆಲ್ಲುವ ಸಾಧ್ಯತೆ ನೂರಕ್ಕೆ 60, ದುರ್ಬಲನದು 40 ಎಂದಿಟ್ಟುಕೊಳ್ಳಿ. ಒಂದೇ ಸುತ್ತಾದರೆ ದುರ್ಬಲನಿಗೆ 40 ಪಾಲು ಆಸೆ. ಮೂರು ಸುತ್ತಿನಲ್ಲಿ ಹೆಚ್ಚು ಗೆದ್ದವನು ಜಯಶಾಲಿ ಎಂದರೆ ಆ ಆಸೆ 35ಕ್ಕೆ ಇಳಿಯುತ್ತದೆ. ಹನ್ನೊಂದು ಸುತ್ತಾದರೆ 25. ನೂರಾ ಒಂದು ಸುತ್ತು ಆಡಿಸಿದರೆ? ನೂರಕ್ಕೆ ಎರಡು! ಅದೃಷ್ಟವೆಂಬುದು ಸಣ್ಣ ಆಟದ ಗೆಳೆಯ. ಕಾಲೊನಿಯ ಪಾರ್ಕಿನಲ್ಲಿ ಐದು ಓವರಿನ ಪಂದ್ಯವಾದರೆ ನಮ್ಮ ಹುಡುಗರು ದೊಡ್ಡ ಕ್ಲಬ್ಬಿನವರನ್ನೂ ಒಮ್ಮೆ ಮಣಿಸಿಯಾರು. ಐದು ದಿನದ ಪಂದ್ಯ ಇಟ್ಟರೆ ಎರಡನೇ ದಿನಕ್ಕೇ ಮನೆಗೆ. ಆದ್ದರಿಂದ ಎತ್ತರ ಕಡಿಮೆ, ಬೆಂಚಿನಲ್ಲಿ ಬದಲಿ ಆಟಗಾರರು ಕಡಿಮೆ, ಆದರೆ ಬುದ್ಧಿ ಇದೆ ಎನ್ನುವ ಕೋಚ್ ಸರದಿಗಳನ್ನು ಕಡಿಮೆ ಮಾಡುತ್ತಾನೆ. ಪಂದ್ಯವನ್ನು ಚಿಕ್ಕದು ಮಾಡುತ್ತಾನೆ ಅಂತಲೇ ಹೇಳಬಹುದು.

ಇದರ ಹೆಸರಾಂತ ಉದಾಹರಣೆ ಪ್ರಿನ್ಸ್‌ಟನ್. ಐವಿ ಲೀಗಿನ ವಿಶ್ವವಿದ್ಯಾಲಯಗಳು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ದೇಶದ ಅತ್ಯುತ್ತಮ ಆಟಗಾರರು ಅಲ್ಲಿಗೆ ಹೋಗುವುದು ಕಮ್ಮಿ. ಅವರ ಕೋಚ್ ಪೀಟ್ ಕ್ಯಾರಿಲ್ ಹುಡುಗರಿಗೆ ಚೆಂಡು ತಿರುಗಿಸುತ್ತ ತಿರುಗಿಸುತ್ತ ಕಾಯಲು ಕಲಿಸಿದರು. ಕಾವಲಿನವನು ಬೇಸತ್ತು ಒಂದು ಹೆಜ್ಜೆ ಮುಂದೆ ಬಂದರೆ ಅವನ ಬೆನ್ನ ಹಿಂದಿನಿಂದ ಬುಟ್ಟಿಗೆ ನುಗ್ಗುವುದು. 1996ರಲ್ಲಿ ರಾಷ್ಟ್ರೀಯ ಟೂರ್ನಿಯ ಮೊದಲ ಸುತ್ತಿನಲ್ಲೇ, ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎ ತಂಡವನ್ನು ಅವರು ಸೋಲಿಸಿದ್ದು 43-41ರಿಂದ. 80-80ರ ಆಟವಾಗಿದ್ದರೆ ಪ್ರಿನ್ಸ್‌ಟನ್ ಗೆಲ್ಲುತ್ತಿತ್ತೆಂದು ನನಗನ್ನಿಸುವುದಿಲ್ಲ.

ನಮ್ಮಲ್ಲೂ ತೀರಾ ಇತ್ತೀಚೆಗೆ ಇಂಥದೊಂದು ನಡೆಯಿತು, 2025ರ ಫೆಬ್ರವರಿಯಲ್ಲಿ. ರಣಜಿ ಸೆಮಿಫೈನಲ್, ಅಹಮದಾಬಾದ್, ಕೇರಳ ಮತ್ತು ಗುಜರಾತ್. ಕೇರಳ ಅಲ್ಲಿಯ ತನಕ ಒಮ್ಮೆಯೂ ಫೈನಲ್ ಕಂಡಿರಲಿಲ್ಲ. ಕ್ವಾರ್ಟರ್‌ಫೈನಲ್‌ನಲ್ಲಿ ಜಮ್ಮು ಕಾಶ್ಮೀರದ ವಿರುದ್ಧ ಒಂದೇ ರನ್ನಿನ ಮೊದಲ ಇನಿಂಗ್ಸ್ ಮುನ್ನಡೆಯಿಂದ ದಾಟಿ ಬಂದಿತ್ತು. ಸೆಮಿಫೈನಲ್‌ನಲ್ಲಿ 187 ಓವರು ಬ್ಯಾಟ್ ಮಾಡಿ 457 ಹೊಡೆಯಿತು. ಮೊಹಮ್ಮದ್ ಅಜರುದ್ದೀನ್ ಔಟಾಗದೆ 177, ಅದಕ್ಕೆ ತಗೊಂಡದ್ದು 341 ಚೆಂಡು. (ನಮ್ಮ ಕಾಲದ ಅಜರ್ ಅಲ್ಲ, ಕಾಸರಗೋಡಿನ ಹುಡುಗ. ಕನ್ನಡ ನಾಡಿನ ಗಡಿಯವನೆಂದು ನನಗೆ ಸ್ವಲ್ಪ ಹೆಚ್ಚೇ ಖುಷಿ.) ಗುಜರಾತು ಬಿಟ್ಟೀತೇ? ಕೊನೆಯ ದಿನ 455ಕ್ಕೆ ಬಂದು ನಿಂತಿತು, ಕೈಯಲ್ಲಿ ಒಂದೇ ವಿಕೆಟ್. ಕೊನೆಯ ಬ್ಯಾಟ್ಸ್‌ಮನ್ ಬೀಸಿದ ಚೆಂಡು ಪಕ್ಕದಲ್ಲೇ ನಿಂತಿದ್ದ ಫೀಲ್ಡರ್ ಸಲ್ಮಾನ್ ನಿಜಾರ್ ಅವರ ಹೆಲ್ಮೆಟ್ಟಿಗೆ ಬಡಿದು ಗಾಳಿಗೆ ಹಾರಿತು, ಸ್ಲಿಪ್‌ನಲ್ಲಿದ್ದ ನಾಯಕ ಸಚಿನ್ ಬೇಬಿ ಹಿಡಿದರು. ಎರಡು ರನ್ನಿನ ಮುನ್ನಡೆ, ಕೇರಳ ಮೊದಲ ಬಾರಿ ಫೈನಲ್‌ಗೆ. ಆ 187 ಓವರನ್ನು ನೋಡಿ ಆಕಳಿಸಿದವರೂ ಆ ಹೆಲ್ಮೆಟ್ಟಿನ ಕ್ಯಾಚನ್ನು ಮರೆಯಲಾರರು. ನಾಗಪುರದ ಫೈನಲ್‌ನಲ್ಲಿ ಅದೇ ನಿಯಮ ಕೇರಳಕ್ಕೆ ತಿರುಗಿಬಿತ್ತು. ವಿದರ್ಭ 379, ಕೇರಳ 342, ಪಂದ್ಯ ಡ್ರಾ, ಕಪ್ಪು ವಿದರ್ಭಕ್ಕೆ.

ನಿಯಮ ಹೀಗೆ ಎರಡೂ ಕಡೆ ಕೊಯ್ಯುವ ಕತ್ತಿ. ಕೋಟ್ಲಾದಲ್ಲಿ ನಮ್ಮ ಕೈಯಿಂದ ಕಪ್ಪು ಕಿತ್ತುಕೊಂಡ ಮೊದಲ ಇನಿಂಗ್ಸ್ ಮುನ್ನಡೆಯೇ ಎಂಟು ವರ್ಷ ಹಿಂದೆ ನಮ್ಮನ್ನು ಎತ್ತಿ ಮೆರೆಸಿತ್ತು. ಬಾಂಬೆ 1958-59ರಿಂದ ಸತತ ಹದಿನೈದು ವರ್ಷ ರಣಜಿ ಗೆದ್ದಿತ್ತು. ಮೈಸೂರು ಎಂಬ ಹೆಸರು ಬಿಟ್ಟು ಕರ್ನಾಟಕ ಎಂಬ ಹೆಸರಿನಲ್ಲಿ ಆಡಿದ ಮೊದಲ ಸೀಸನ್‌ನಲ್ಲೇ, 1973-74ರ ಸೆಮಿಫೈನಲ್‌ನಲ್ಲಿ ಬೆಂಗಳೂರಿನಲ್ಲಿ ನಮ್ಮವರು ಆ ಸರಪಳಿ ಕಡಿದರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ತಂಡ 385, ಬಾಂಬೆ 307. ಗೆದ್ದದ್ದು ಮೊದಲ ಇನಿಂಗ್ಸ್ ಮುನ್ನಡೆಯಿಂದಲೇ. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಕಪ್ಪು. ಅಂದು ಯಾರೂ ನಿಯಮ ಸರಿಯಿಲ್ಲ ಅಂದಂತಿಲ್ಲ!

ಬಲಶಾಲಿಗಳೂ ನಿಧಾನವಾಗಿ ಆಡುತ್ತಾರೆ, ಅದರ ಕಾರಣ ಬೇರೆ. 2015ರ ಮಾರ್ಚ್‌ನಲ್ಲಿ ಮುಂಬೈನ ವಾಂಖೆಡೆಯಲ್ಲಿ ಕರ್ನಾಟಕ ತಮಿಳುನಾಡನ್ನು 134ಕ್ಕೆ ಮುಗಿಸಿತು. ಆಮೇಲೆ ನಮ್ಮದೂ 84ಕ್ಕೆ ಐದು. ಅಲ್ಲಿಂದ ಕರುಣ್ ನಾಯರ್ ಮತ್ತು ಕೆ. ಎಲ್. ರಾಹುಲ್ 386 ರನ್ನಿನ ಜೊತೆಯಾಟ ಕಟ್ಟಿದರು. ಕರುಣ್ 328, ಎದುರಿಸಿದ್ದು 560 ಚೆಂಡು, ಕ್ರೀಸಿನಲ್ಲಿ 872 ನಿಮಿಷ. ತಂಡ 762. ಮುನ್ನಡೆ ಸಿಕ್ಕಿ ಎಷ್ಟೋ ಹೊತ್ತಾಗಿತ್ತು. ಎದುರಾಳಿಗೆ ಹೊತ್ತೇ ಉಳಿಯದಂತೆ ಮಾಡುವುದೂ ಒಂದು ಆಕ್ರಮಣವೇ. ಇನಿಂಗ್ಸ್ ಮತ್ತು 217 ರನ್ನಿನಿಂದ ಗೆದ್ದರು.

ಇನ್ನು ಗುಂಪು ಗುಂಪಾಗಿ ನಿಧಾನವಾಗುವ ವಿಷಯಕ್ಕೆ ಬರೋಣ, ಪತ್ರದ ಪ್ರಶ್ನೆ ಅದೇ ತಾನೇ. ಒಂದು ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ನಿಧಾನವಾದರೆ ಬಂಡಿಯೇ ನಿಧಾನ. ಬ್ಯಾಸ್ಕೆಟ್‌ಬಾಲ್‌ನಲ್ಲೂ ಅಷ್ಟೆ, ನಾನು 25 ಸೆಕೆಂಡು ಚೆಂಡು ಹಿಡಿದರೆ ಆ 25 ಸೆಕೆಂಡು ನೀನೂ ಆಡಿದಂತಿಲ್ಲ. ಗುಂಪಿನಲ್ಲಿ ಅಂಥ ನಾಲ್ಕು ತಂಡಗಳಿದ್ದರೆ ಉಳಿದವರ ಸರಾಸರಿಯೂ ಇಳಿಯುತ್ತದೆ. ಮೇಲಾಗಿ ಒಂದೇ ಗುಂಪಿನವರು ವರ್ಷ ವರ್ಷವೂ ಎದುರಾಗುತ್ತಾರೆ. ಯಾರ ಎಡಗೈ ದುರ್ಬಲ, ಯಾರು ಯಾವ ಮೂಲೆಯಿಂದ ಹೊಡೆಯುತ್ತಾರೆ, ಎಲ್ಲ ಬಾಯಿಪಾಠ. ಪರಿಚಿತನ ಮುಂದೆ ಸುಲಭದ ಓಟ ಸಿಗದು, ಹುಡುಕಬೇಕು, ಹುಡುಕಲು ಹೊತ್ತು ಬೇಕು. ಅದಕ್ಕೇ ಸೀಸನ್ ಆರಂಭದಲ್ಲಿ ಹೊರಗಿನವರೊಡನೆ ಬಿರುಸಾಗಿ ಆಡಿದ ತಂಡಗಳೂ ಜನವರಿಯಲ್ಲಿ ಗುಂಪಿನೊಳಗೆ ಬಂದಾಗ ನಿಧಾನವಾಗುತ್ತವೆ.

ಇದರ ಜೊತೆ ಗುರುಪರಂಪರೆ. ಡಿಕ್ ಬೆನೆಟ್ ಎಂಬ ಕೋಚ್ ಬುಟ್ಟಿಯ ಸುತ್ತ ಕೋಟೆ ಕಟ್ಟಿ ಕಾಯುವ ಪದ್ಧತಿಯೊಂದನ್ನು ರೂಢಿಸಿದರು. ಬಿಗ್ ಟೆನ್ ಗುಂಪಿನ ವಿಸ್ಕಾನ್ಸಿನ್ ತಂಡವನ್ನು 2000ದಲ್ಲಿ ಕೊನೆಯ ನಾಲ್ವರಲ್ಲಿ ಒಂದಾಗಿಸಿದರು. ಆ ಸೆಮಿಫೈನಲ್‌ನಲ್ಲಿ ಅರ್ಧ ಪಂದ್ಯಕ್ಕೆ ಸ್ಕೋರು 19-17! ಅವರ ಮಗ ಟೋನಿ ಬೆನೆಟ್ ಅದೇ ವಿದ್ಯೆಯನ್ನು ವರ್ಜೀನಿಯಾಕ್ಕೆ ಹೊತ್ತೊಯ್ದರು. ನಮಗೆ ಇದು ಹೊಸತೇ? ಕಿರಾನಾ ಘರಾನೆಯ ವಿಲಂಬಿತ, ಸ್ವರವೊಂದನ್ನು ಹಿಡಿದು ನಿಧಾನವಾಗಿ ಬಿಡಿಸುವ ರೀತಿ, ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಿಗೆ ಬಂದದ್ದು ಹಾಗೇ ಅಲ್ಲವೇ. ಕೋಚ್‌ಗಳಲ್ಲೂ ಘರಾನೆಗಳಿವೆ. ಕನ್ನಡ ಬಿಎ ಓದಿದವಳಿಗೆ ಇನ್ನೊಂದು ನೆನಪು: ರಗಳೆಗಳಲ್ಲಿ ಉತ್ಸಾಹ ರಗಳೆಗೆ ಮೂರು ಮಾತ್ರೆಯ ಗಣ, ಮಂದಾನಿಲಕ್ಕೆ ನಾಲ್ಕು, ಲಲಿತಕ್ಕೆ ಐದು. ಮಂದಾನಿಲವನ್ನು ಯಾವ ಮೇಷ್ಟ್ರೂ ಸೋಮಾರಿ ರಗಳೆ ಎಂದು ಕರೆಯಲಿಲ್ಲ.

ನಿಧಾನಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಟ್ಟರೆ ಪತ್ರಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಬಲಶಾಲಿಯಾಗಿದ್ದೂ ಸರದಿ ಕಡಿಮೆ ಮಾಡಿದರೆ ಅದೃಷ್ಟಕ್ಕೆ ಬಾಗಿಲು ತೆರೆದಂತೆ. 2018ರಲ್ಲಿ ಟೋನಿ ಬೆನೆಟ್ ಅವರ ವರ್ಜೀನಿಯಾ ರಾಷ್ಟ್ರೀಯ ಟೂರ್ನಿಗೆ ದೇಶದ ಅಗ್ರ ತಂಡವಾಗಿ ಹೋಯಿತು. ಮೊದಲ ಪಂದ್ಯದಲ್ಲೇ ತನ್ನ ವಿಭಾಗದ ಹದಿನಾರನೇ, ಅಂದರೆ ಕಟ್ಟಕಡೆಯ ಸ್ಥಾನದ ಮೇರಿಲ್ಯಾಂಡ್ ಬಾಲ್ಟಿಮೋರ್ ಕೌಂಟಿ ತಂಡಕ್ಕೆ 74-54ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಹಾಗಾದದ್ದು ಅದೇ ಮೊದಲು. ಒಮ್ಮೆ ಹಿಂದೆ ಬಿದ್ದ ನಿಧಾನದ ತಂಡಕ್ಕೆ ಓಡಿ ಹಿಡಿಯುವ ಅಭ್ಯಾಸವೇ ಇರುವುದಿಲ್ಲ. "ಈ ಆಟದಿಂದ ಕಪ್ಪು ಸಿಗದು" ಎಂದು ಎಲ್ಲರೂ ಬರೆದರು. ಮರು ವರ್ಷ, 2019ರಲ್ಲಿ, ಅದೇ ಕೋಚ್, ಅದೇ ನಿಧಾನ, ಚಾಂಪಿಯನ್.

ಈಗ ಆ ಹುಡುಗನ ತಂದೆಯವರಿಗೆ ನನ್ನ ಮಾತು. ಸರ್, ತಂಡ ಬಿಡಿಸುವ ಮೊದಲು ಒಂದು ಶನಿವಾರ ಕೋಚ್ ಸಾಹೇಬರ ಹತ್ತಿರ ಚಹಾ ಕುಡಿಯುತ್ತ ಕೇಳಿ: ನಿಧಾನ ಯಾಕೆ? "ನಮ್ಮ ಹುಡುಗರು ಕುಳ್ಳಗಿದ್ದಾರೆ, ಎದುರಿನ ಶಾಲೆಯಲ್ಲಿ ಆರಡಿಯವರು ಮೂವರಿದ್ದಾರೆ" ಎಂದರೆ ಅದು ಹೆದರಿಕೆಯಲ್ಲ, ಮೇಲೆ ಹೇಳಿದ ನಾಣ್ಯದ ಲೆಕ್ಕ. "ಬದಲಿಗೆ ಇಬ್ಬರೇ ಇದ್ದಾರೆ, ಮೇ ತಿಂಗಳ ಬಿಸಿಲಿನಲ್ಲಿ ಓಡಿಸಿದರೆ ಬಿದ್ದುಹೋಗುತ್ತಾರೆ" ಎಂದರೂ ಒಪ್ಪಬೇಕಾದ ಮಾತೇ. ದೆಹಲಿಯ ಬಿಸಿಲು ನಿಮಗೆ ಗೊತ್ತು. "ನಮ್ಮಲ್ಲಿ ಹೀಗೇ ರೂಢಿ" ಎಂದಷ್ಟೇ ಹೇಳಿದರೆ, ಎಲ್ಲರಿಗಿಂತ ಬಲವಾದ ತಂಡವನ್ನೂ ಹಾಗೇ ಆಡಿಸುತ್ತಿದ್ದರೆ, ಆಗ ನಿಮ್ಮ ಅಸಮಾಧಾನದಲ್ಲಿ ನನಗೂ ಪಾಲಿದೆ. ಹದಿನಾಲ್ಕು ವರ್ಷದ ಮಕ್ಕಳು ಓಡುವುದನ್ನೂ ಕಲಿಯಬೇಕು, ತಪ್ಪು ಶಾಟ್ ಹೊಡೆದು ಬೈಸಿಕೊಳ್ಳುವುದನ್ನೂ ಕಲಿಯಬೇಕು. ಹೇಗಿದ್ದರೂ ತಂಡ ಬಿಡಿಸುವುದು ಮಾತ್ರ ಬೇಡ. ಸಂಜೆ ನಾಲ್ಕರ ಮೇಲೆ ಮೊಬೈಲ್ ಬಿಟ್ಟು ಬಯಲಿಗೆ ಹೋಗುವ ಮಗ ಇಂದು ಎಷ್ಟು ಮನೆಗಳಲ್ಲಿದ್ದಾನೆ?

ರಣಜಿಯವರಿಗೂ ಒಂದು ಮಾತು, ಯಾರು ಕೇಳುತ್ತಾರೋ ಬಿಡುತ್ತಾರೋ. ಲೀಗ್ ಹಂತದಲ್ಲಿ ಪೂರ್ಣ ಗೆಲುವಿಗೆ 6 ಅಂಕ, ಇನಿಂಗ್ಸ್ ಅಥವಾ ಹತ್ತು ವಿಕೆಟ್ ಗೆಲುವಿಗೆ ಇನ್ನೊಂದು ಅಂಕ, ಡ್ರಾದಲ್ಲಿ ಮೊದಲ ಇನಿಂಗ್ಸ್ ಮುನ್ನಡೆಗೆ 3, ಹಿಂದುಳಿದವರಿಗೆ 1. ಗೆಲುವಿಗೆ ಇಮ್ಮಡಿ ಬೆಲೆ ಇಟ್ಟಿರುವುದರಿಂದ ಅಲ್ಲಿ ಒಂದಷ್ಟು ತಂಡಗಳು ಕೈ ಚಾಚುತ್ತವೆ. ನಾಕೌಟಿಗೆ ಬಂದ ಕೂಡಲೇ ಆ ಆಸೆ ಮಾಯ. ದೆಹಲಿಯಲ್ಲಂತೂ ಜನವರಿಯ ಮಂಜು ಬೆಳಗಿನ ಹೊತ್ತನ್ನು ತಿನ್ನುತ್ತದೆ, ಸಂಜೆ ಬೆಳಕು ಬೇಗ ಹೋಗುತ್ತದೆ. ಉಳಿದ ಹೊತ್ತಿನಲ್ಲಿ ಮುನ್ನಡೆಯೊಂದೇ ಕೈಗೆಟಕುವ ಹಣ್ಣು. ಅಮೆರಿಕದವರು 1982ರ ಆ ಏಳು ನಿಮಿಷ ನೋಡಿ ಮೂರೇ ವರ್ಷದಲ್ಲಿ ನಿಯಮ ಬದಲಿಸಿದರು. ನಾವು ಅದೇ ವರ್ಷದ 1412 ರನ್ ನೋಡಿಯೂ ಬದಲಿಸಿಲ್ಲ. ಬದಲಿಸಬೇಕೆಂದೇ ನನ್ನ ಮತ. ಕಾಸರಗೋಡಿನ ಹುಡುಗನ 341 ಚೆಂಡಿನ ಆಟ ನೆನಪಾದಾಗ ಮಾತ್ರ ಆ ಮತ ಸ್ವಲ್ಪ ಅಲುಗಾಡುತ್ತದೆ.

ಕೊನೆಗೊಂದು ಕೆಲಸ ಹೇಳುತ್ತೇನೆ, ಮಕ್ಕಳಿಗೆ ಇಷ್ಟವಾದೀತು. ಮುಂದಿನ ಶಾಲಾ ಪಂದ್ಯಕ್ಕೆ ಹೋಗುವಾಗ ಪೆನ್ನು, ಕಾಗದ ಒಯ್ಯಿರಿ. ನಿಮ್ಮ ಮಗನ ತಂಡಕ್ಕೆ ಚೆಂಡು ಬಂದು ಅದು ಎದುರಾಳಿಗೆ ಹೋದಾಗಲೆಲ್ಲ ಒಂದು ಗೆರೆ ಎಳೆಯಿರಿ. ಬುಟ್ಟಿಗೆ ಬಿದ್ದರೂ ಒಂದೇ ಗೆರೆ, ಕಳಕೊಂಡರೂ ಒಂದೇ. ಶಾಟ್ ತಪ್ಪಿ ಮತ್ತೆ ನಮ್ಮವರೇ ಹಿಡಿದರೆ ಹೊಸ ಗೆರೆ ಬೇಡ, ಅದೇ ಸರದಿ ಮುಂದುವರಿದಂತೆ. ಕೊನೆಯಲ್ಲಿ ಅಂಕವನ್ನು ಗೆರೆಗಳಿಂದ ಭಾಗಿಸಿ. ಒಂದರ ಹತ್ತಿರ ಬಂದರೆ ಶಾಲೆಯ ಮಟ್ಟಕ್ಕೆ ಬಹಳ ಒಳ್ಳೆಯ ಆಟ, ಎಷ್ಟೇ ನಿಧಾನವಾಗಿರಲಿ. ಎರಡು ಮೂರು ಪಂದ್ಯದ ಲೆಕ್ಕ ಬರೆದು ನಮಗೆ ಕಳಿಸಿ, ಕಾರ್ಯಕ್ರಮದಲ್ಲಿ ಓದುತ್ತೇನೆ. ಅಂದು ಕೋಟ್ಲಾದಲ್ಲಿ ಕೂತು 705 ಮತ್ತು 707 ಎರಡನ್ನೂ ಕಂಡ ಹಿರಿಯರಿದ್ದರೆ ಅವರೂ ಬರೆಯಿರಿ. ಆ ಕೊನೆಯ ಜೊತೆಯಾಟ ಬೆಳೆಯುತ್ತಿದ್ದಾಗ ಸ್ಟ್ಯಾಂಡಿನಲ್ಲಿದ್ದ ಕನ್ನಡಿಗರು ಏನು ಮಾತಾಡಿಕೊಂಡರೆಂದು ಕೇಳುವ ಆಸೆ ನನಗಿದೆ.

ಮುಂದಿನ ವಾರ ಇದೇ ಹೊತ್ತಿಗೆ ಸಿಗೋಣ.